ಗ್ಯಾಸ್ ಸೋರಿದರೆ ಹಸಿರು ಹೊಗೆ ಬರುವುದಿಲ್ಲ

ವೃತ್ತಿಶಿಕ್ಷಣ ಪರೀಕ್ಷೆಗಳ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನನ್ನ ತಮ್ಮನ ಮಗಳನ್ನು ದಯವಿಟ್ಟು ನಪಾಸು ಮಾಡಿ. ಬರುವ ಸೋಮವಾರದೊಳಗೆ ಮಾಡಿ. ಪಾಸು ಮಾಡಿಸಿ ಎಂದು ಕೈಮುಗಿದು ಬರುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಈ ಹೆಂಗಸಿಗೆ ತಲೆ ಕೆಟ್ಟಿದೆ ಎಂದು ಪತ್ರ ಮಡಚಿಡುವ ಮುಂಚೆ ಪೂರ್ತಿ ಓದಿ. ನಾನು ಬಟ್ಟೆ ಹೊಲಿಯುವವಳು, ತಲೆ ನೆಟ್ಟಗೇ ಇದೆ. ಹುಡುಗಿಗೆ ನಿಮ್ಮ ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂದಿದೆ. ಅದೇ ನನ್ನ ತಕರಾರು.

ಅವಳನ್ನು ಮನೆಯಲ್ಲಿ ಜಿಂಕೆ ಎನ್ನುತ್ತೇವೆ. ಕೂತಲ್ಲಿ ಕೂರುವ ಜಾಯಮಾನವಲ್ಲ. ಗ್ಯಾಸ್ ಪೈಪು, ಒಲೆ ಜೋಡಿಸುವ ಕೋರ್ಸು ಸೇರಿ ಎರಡು ವರ್ಷವಾಯಿತು. ಮೊದಲೆಲ್ಲ ಇದರ ಪರೀಕ್ಷೆ ವರ್ಕ್‌ಶಾಪಿನಲ್ಲಿ, ಸ್ಪ್ಯಾನರ್ ಹಿಡಿದು, ನಿಜವಾದ ಪೈಪಿನ ಮೇಲೆ ನಡೆಯುತ್ತಿತ್ತು. ನೀವು ಬಂದಿರಿ, ಟ್ಯಾಬ್ಲೆಟ್ ತಂದಿರಿ. ಈಗ ಮಕ್ಕಳು ಬೆರಳಿನಿಂದ ಪೈಪನ್ನು ಎಳೆದು ಒಲೆಗೆ ಸೇರಿಸುತ್ತಾರೆ, ಟಿಂಗ್ ಎನ್ನುತ್ತದೆ, ಅಂಕ ಬೀಳುತ್ತದೆ. ಬೇಗ ಮುಗಿಸಿದವರಿಗೆ ಹೆಚ್ಚು ಅಂಕ. ಸಾಬೂನು ನೀರು ಹಚ್ಚಿ ಸೋರಿಕೆ ನೋಡುವುದಕ್ಕೂ ಒಂದು ಗುಂಡಿ ಇಟ್ಟಿದ್ದೀರಂತೆ. ಒತ್ತಿದರೆ ಹೊತ್ತು ಹೋಗುತ್ತದೆ, ಹೊತ್ತು ಹೋದರೆ ಅಂಕ ಹೋಗುತ್ತದೆ. ಯಾವ ಮಗು ಒತ್ತೀತು, ಹೇಳಿ? ನಿಮ್ಮ ಈ ಆಟದಲ್ಲಿ ಗ್ಯಾಸ್ ಸೋರಿದರೆ ಹಸಿರು ಹೊಗೆ ಏಳುತ್ತದೆ, ಆಗ ಬಿಗಿ ಮಾಡಿದರಾಯಿತು. ತಡವಾದರೆ ಅಡುಗೆಮನೆ ಢಮ್ ಎಂದು ಹಾರಿ, "ಇನ್ನೂ ಎರಡು ಜೀವ ಉಳಿದಿವೆ" ಎಂದು ಪರದೆಯ ಮೇಲೆ ಬರುತ್ತದೆ. ಏನು ನಿಮ್ಮ ಔದಾರ್ಯ! ನಮ್ಮನ್ನು ಹುಟ್ಟಿಸಿದ ದೇವರಿಗೂ ಇಷ್ಟು ಧಾರಾಳದ ಕೈ ಇರಲಿಲ್ಲ.

ಹೋದ ಭಾನುವಾರ ಮಧ್ಯಾಹ್ನ ನನ್ನ ಒಲೆಯ ಹಳೆಯ ಟ್ಯೂಬು ಬಿರುಕು ಬಿಟ್ಟಿತ್ತು. ಜಿಂಕೆ ಹೊಸದು ತಂದು, ಹಾಡು ಗುನುಗುತ್ತ, ನಾನು ಒಂದು ಕಾಜ ಹೊಲಿದು ಮುಗಿಸುವುದರೊಳಗೆ ಜೋಡಿಸಿಬಿಟ್ಟಳು. ನನಗೆ ಹೆಮ್ಮೆಯಿಂದ ಎದೆ ಉಬ್ಬಿತ್ತು. ಅಷ್ಟರಲ್ಲಿ ಮೂಗಿಗೆ ಬಡಿಯಿತು.

"ವಾಸನೆ ಬರ್ತಿದೆಯಲ್ಲೇ!"

ಅವಳು ಬಗ್ಗಿ ಟ್ಯೂಬಿನ ಸುತ್ತ ಕಣ್ಣಾಡಿಸಿದಳು. "ಏನೂ ಕಾಣಿಸ್ತಿಲ್ಲ ಅತ್ತೆ."

"ಕಾಣಿಸೋಕೆ ಅದೇನು ನೆಂಟನೇನೇ?"

"ಸೋರಿದ್ರೆ ಹಸಿರು ಬರುತ್ತೆ ಅತ್ತೆ. ಇಲ್ಲ ನೋಡಿ," ಎಂದು ಲೈಟರ್ ಎತ್ತಿಕೊಂಡಳು.

ಅವಳನ್ನು ಎತ್ತಿ ಆಡಿಸಿದ ಕೈಯಿಂದಲೇ ಆ ಲೈಟರಿಗೆ ಹೊಡೆದೆ. ಅದು ಹೋಗಿ ಗೋಡೆಯ ಮೂಲೆಗೆ ಬಿತ್ತು. ಸಿಲಿಂಡರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು, ಇಬ್ಬರೂ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆವು. ವಾಸನೆ ಪೂರ್ತಿ ಹೋದ ಮೇಲೆ ಒಳಗೆ ಬಂದು, ಬಟ್ಟೆ ಸೋಪಿನ ನೊರೆ ಹಚ್ಚಿ, ಸಿಲಿಂಡರನ್ನು ಒಂದು ಕ್ಷಣ ತೆರೆದು ನೋಡಿದರೆ, ಸಡಿಲವಾಗಿದ್ದ ಕ್ಲಿಪ್ಪಿನ ಕೆಳಗಿಂದ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಹುಡುಗಿ ಅವನ್ನೇ ನೋಡುತ್ತ ನಿಂತಳು. ಆಮೇಲೆ ಹೇಳಿದ ಮಾತು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ: "ನಂಗೂ ವಾಸನೆ ಬಂತು ಅತ್ತೆ. ಹಸಿರು ಇಲ್ವಲ್ಲ, ನನ್ನ ಮೂಗೇ ಸರಿ ಇಲ್ಲ ಅಂದ್ಕೊಂಡೆ."

ಮಾನ್ಯರೇ, ಇದಕ್ಕೆ ನೀವು ಕೊಟ್ಟದ್ದು ನೂರು ಅಂಕ. ಗೊತ್ತಿಲ್ಲದ ಮಗುವಿಗೆ ಹೇಳಿಕೊಡಬಹುದು. ತನ್ನ ಮೂಗನ್ನೇ ನಂಬಬಾರದೆಂದು ಕಲಿತು ಬಂದ ಮಗುವಿಗೆ ನಾನು ಯಾವ ಶಾಲೆಯಲ್ಲಿ ಏನು ಹೇಳಿಕೊಡಿಸಲಿ? ಆಟವೇ ಬೇಡ ಎನ್ನುತ್ತಿಲ್ಲ. ಆಡಿ ಕಲಿಯಲಿ, ನಗುತ್ತ ಕಲಿಯಲಿ. ಆದರೆ ಗೆದ್ದವರೆಲ್ಲ ಕೆಲಸ ಬಲ್ಲವರು ಎಂದು ಮುದ್ರೆ ಒತ್ತುತ್ತೀರಲ್ಲ, ನಿಮ್ಮ ಮನೆಯ ಒಲೆಗೆ ಅಂಥವರನ್ನು ಕರೆಸುತ್ತೀರಾ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯಲ್ಲಿ ಯಾರು ಯಾರೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮರುದಿನ ಶಾಲೆಗೇ ಹೋದೆವು. ವರ್ಕ್‌ಶಾಪಿನ ಮೇಜುಗಳ ಮೇಲೆ ಟ್ಯಾಬ್ಲೆಟ್‌ಗಳು ಚಾರ್ಜಿಗೆ ಕೂತಿದ್ದವು. ಸ್ಪ್ಯಾನರುಗಳು ಬೀಗ ಹಾಕಿದ ಗಾಜಿನ ಬೀರುವಿನಲ್ಲಿದ್ದವು. ಸಾಬೂನು ನೀರಿಗೆಂದು ಇಟ್ಟ ಒಣ ಬಕೆಟ್ಟಿನೊಳಗೆ ಚಾರ್ಜರ್ ವೈರುಗಳ ಗಂಟು. "ಅಮ್ಮಾ, ಅಂಕ ಇಲ್ಲದ ಕೆಲಸಾನ ಯಾವ ಮಕ್ಕಳು ಮಾಡ್ತಾರೆ? ನಾನು ಬಾಯಿ ಬಡ್ಕೊಂಡು ಸಾಕಾಯ್ತು," ಎಂದರು ಮೇಷ್ಟ್ರು. ಜಿಂಕೆ ಮುಖ್ಯೋಪಾಧ್ಯಾಯರ ಮುಂದೆ ನಿಂತು, ತನಗೆ ನಿಜವಾದ ಪೈಪಿನ ಮೇಲೆ ಇನ್ನೊಂದು ಪರೀಕ್ಷೆ ಕೊಡಿ ಎಂದು ಬೇಡಿದಳು. ಅವರು ನಿಮ್ಮ ಸುತ್ತೋಲೆ ತೆಗೆದು ತೋರಿಸಿದರು: ಮರುಪರೀಕ್ಷೆ ನಪಾಸಾದವರಿಗೆ ಮಾತ್ರ. ಪೂರ್ತಿ ಅಂಕ ಬಂದವಳು ಹೀಗೆ ಕೇಳುವುದನ್ನು ಅವರು ಈವರೆಗೆ ಕಂಡಿರಲಿಲ್ಲವಂತೆ. ತರಗತಿಯವರಿಗೂ ಅವಳು ಭಾನುವಾರದ ಕಥೆ ಹೇಳಿದಳು. ಫಸ್ಟ್ ಬಂದ ಮೇಲೆ ಇವಳಿಗೆ ಕೊಬ್ಬು ಎಂದು ನಕ್ಕರಂತೆ.

ಬರುವ ಸೋಮವಾರ ಆ ನಗುವ ಮಕ್ಕಳೆಲ್ಲ, ಜೊತೆಗೆ ಜಿಂಕೆಯೂ, ನಮ್ಮ ಹಿಂದಿನ ಬೀದಿಯ ಶಿಶುವಿಹಾರಕ್ಕೆ ಗ್ಯಾಸ್ ಜೋಡಿಸಲು ಹೋಗುತ್ತಾರೆ. ಹೊಸ ಅಡುಗೆಮನೆ, ದೊಡ್ಡ ಒಲೆಗಳು, ಗೋಡೆಯುದ್ದಕ್ಕೂ ಪೈಪು. ನಡುವೆ ಒಂದು ತೆಳು ಗೋಡೆ, ಅದರಾಚೆ ಪುಟ್ಟ ಮಕ್ಕಳು ಮಲಗುವ ಕೋಣೆ. ಒಬ್ಬೊಬ್ಬರಿಗೆ ಒಂದೊಂದು ಜೋಡಣೆ ಹಂಚಿದ್ದಾರೆ. ಹೋಗದಿದ್ದರೆ ಪ್ರಮಾಣಪತ್ರ ಇಲ್ಲ. ಜಿಂಕೆ ಈ ವಾರವೆಲ್ಲ ಸಿಲಿಂಡರ್ ಇಲ್ಲದ ಒಲೆಗೆ ಟ್ಯೂಬು ಹಾಕಿ ತೆಗೆದು ಅಭ್ಯಾಸ ಮಾಡುತ್ತಿದ್ದಾಳೆ. ಪಕ್ಕದಲ್ಲೇ ಸಾಬೂನಿನ ಬಟ್ಟಲು ಇಟ್ಟುಕೊಂಡಿದ್ದರೂ, ಕ್ಲಿಪ್ ಬಿಗಿದ ಮರುಕ್ಷಣ ಅವಳ ಕೈ ತಾನಾಗಿಯೇ ಲೈಟರಿನ ಕಡೆಗೆ ಹೋಗುತ್ತದೆ. ಹೋದ ಕೈಯನ್ನು ನೋಡಿ ಅವಳೇ ಅಳುತ್ತಾಳೆ. ನನಗೆ ಹೆದರಿಕೆಯಾಗಿದೆ ಮಾನ್ಯರೇ.

ಆದ್ದರಿಂದ ಅವಳನ್ನೂ ಅವಳ ಜೊತೆಯವರನ್ನೂ ನಪಾಸು ಮಾಡಿ. ಆ ಬೀರುವಿನ ಬೀಗ ತೆಗೆಸಿ, ಬಕೆಟ್ಟಿಗೆ ನೀರು ತುಂಬಿಸಿ, ನಿಜವಾದ ಪೈಪಿನ ಮೇಲೆ ನಿಧಾನವಾಗಿ ಪರೀಕ್ಷೆ ಮಾಡಿ. ಅದಾಗದಿದ್ದರೆ ಸೋಮವಾರ ನೀವೇ ಶಿಶುವಿಹಾರಕ್ಕೆ ಬನ್ನಿ. ಜೋಡಣೆ ಮುಗಿದ ಮೇಲೆ ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದವರು ಮೊದಲ ಒಲೆ ಹಚ್ಚಬೇಕಂತೆ, ಅದು ಬಹುಮಾನವಂತೆ. ಲೈಟರ್ ನಮ್ಮ ಜಿಂಕೆಯ ಕೈಯಲ್ಲಿರುತ್ತದೆ. ನೀವು ಅವಳ ಪಕ್ಕದಲ್ಲೇ ನಿಂತುಕೊಳ್ಳಿ.

ಇಂತಿ,
ಒಂದೇ ಜೀವ ಇರುವ ಹುಡುಗಿಯ
ಸೋದರತ್ತೆ