ಸೆಲ್ಮಾಳ ಹಿಮ್ಮಡಿ

ಬ್ರಾಂಟ್ ಫೆರಿ, ಅಯೋವಾ
ಶುಕ್ರವಾರ, ೧೭ ಅಕ್ಟೋಬರ್ ೧೯೨೪

ನನ್ನ ಪ್ರೀತಿಯ ರೈನಿ,

ನಿನ್ನ ಕೆಮ್ಮು ಹೇಗಿದೆ? ಹೋದ ವಾರ ಕಳಿಸಿದ ಉಣ್ಣೆಯ ಅಂಗಿಯನ್ನು ನೀನೇ ಹಾಕಿಕೊಳ್ಳುತ್ತಿದ್ದೀಯೋ, ಪಕ್ಕದ ಕೋಣೆಯ ಕುದುರೆ ಕಳ್ಳನಿಗೆ ಕೊಟ್ಟುಬಿಟ್ಟೆಯೋ? ಕೊಟ್ಟೇ ಇರುತ್ತೀಯ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ. ಜೈಲಿನ ಮಂಚದ ಮೇಲೇ ಜನರನ್ನು ಮಲಗಿಸಿ ಬೆನ್ನುಮೂಳೆ ಸರಿಮಾಡುತ್ತಿದ್ದೀಯಂತೆ, ಷೆರಿಫನ ಹೆಂಡತಿಯೂ ಕುತ್ತಿಗೆ ತೋರಿಸಿಕೊಂಡು ಹೋದಳಂತೆ. ಇಲ್ಲಿಯವರೆಗೂ ಸುದ್ದಿ ಬಂದಿದೆ. ಮಕ್ಕಳಿಬ್ಬರಿಗೂ ನೆಗಡಿ ಬಂದು ಹೋಯಿತು. ಎಲೆಕೋಸು ಹುಳಿಹಾಕಿ ಎರಡು ಜಾಡಿ ತುಂಬಿಟ್ಟಿದ್ದೇನೆ. ಈ ಕಾಗದದ ಜೊತೆ ರೈ ಬ್ರೆಡ್ಡು, ಸೇಬಿನ ಮುರಬ್ಬ ಕಳಿಸುತ್ತಿದ್ದೇನೆ, ಅದನ್ನಾದರೂ ನೀನೇ ತಿನ್ನು.

ಈಗ ಸುದ್ದಿ. ಇವತ್ತು ಬೆಳಿಗ್ಗೆ ನಮ್ಮ ಮನೆಗೆ ಸೆಲ್ಮಾ ಓಲ್ಬರ್ಗ್ ಬಂದಿದ್ದಳು. ಹೌದು, ಅವಳೇ. ನಿನ್ನನ್ನು ಊರು ಬಿಡಿಸಲೆಂದು ಡಾಕ್ಟರ್ ಹ್ಯಾಸ್ಕೆಲ್ ಕಳಿಸಿಕೊಟ್ಟು, ಹಿಮ್ಮಡಿ ನೋವೆಂದು ನಾಟಕವಾಡಿ ನಿನ್ನ ಮೇಜಿನ ಮೇಲೆ ಮಲಗಿದವಳು. ಆಮೇಲೆ ಕೋಲೂರಿಕೊಂಡು ಕೋರ್ಟಿಗೆ ಬಂದು, "ಮೂಳೆ ಸರಿಮಾಡ್ತೀನಿ ಅಂತ ಈ ಕೈರೋಪ್ರಾಕ್ಟರ್ ತಿರುಚಿ ತಿರುಚಿ ನನ್ನ ಕಾಲೇ ಹಾಳು ಮಾಡಿದ ಸ್ವಾಮೀ" ಎಂದು ಬೈಬಲ್ ಮುಟ್ಟಿ ಹೇಳಿದವಳು. ಹನ್ನೆರಡು ಜನ ಜ್ಯೂರಿಗಳ ಕಣ್ಣಲ್ಲೂ ನೀರು! ನಿನಗೆ ಆರು ತಿಂಗಳು ಸಜೆ, ಅವಳಿಗೆ ಹ್ಯಾಸ್ಕೆಲ್‌ನ ಭಾವಮೈದುನನ ಹೋಟೆಲಿನಲ್ಲಿ ಊಟ ಬಡಿಸುವ ಕೆಲಸ. ಅವತ್ತು ಕೋರ್ಟಿನಲ್ಲಿ ಅವಳು, "ಬೆಳಿಗ್ಗೆ ಏಳುವಾಗ ಏನೂ ಇರಲ್ಲ, ಸಂಜೆಗೆ ನೋವು ಶುರುವಾಗುತ್ತೆ" ಎಂದಾಗ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ, ನ್ಯಾಯಾಧೀಶರು ಗದರಿಸಿದರು ನೆನಪಿದೆಯೇ? ನಗದೆ ಏನು ಮಾಡಲಿ? ಡೇವನ್‌ಪೋರ್ಟಿನ ಕೈರೋಪ್ರಾಕ್ಟರ್ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಲಿತ ಪಾಠವಲ್ಲವೇ ಅದು. ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಅಂಗಾಲಿನಲ್ಲಿ ಹಬ್ಬಿರುವ ಪಟ್ಟಿ ರಾತ್ರಿಯೆಲ್ಲ ಮುದುರಿಕೊಂಡಿರುತ್ತದೆ. ಬೆಳಗಿನ ಮೊದಲ ಹೆಜ್ಜೆಗೆ ಅದು ಬುಡದಲ್ಲಿ ಎಳೆಯುತ್ತದೆ, ಜೀವ ಹೋಗುವಷ್ಟು ನೋವು ಆಗಲೇ. ಬೀದಿ ಸುತ್ತುವ ಪೊಲೀಸರಿಗೆಲ್ಲ ಇರುವ ನೋವು ಅದು. ನಿನಗೂ ಅವಳ ಸುಳ್ಳು ಗೊತ್ತಿತ್ತು. ಲಕ್ಷಣ ಹೊಂದುವುದಿಲ್ಲ ಎಂದು ನೀನೇ ರೋಗಿಗಳ ಪುಸ್ತಕದಲ್ಲಿ ಬರೆದೂ ಇದ್ದೆ. ಮತ್ಯಾಕೆ ಮುಟ್ಟಿದೆ ಎಂದು ನಾನು ಕೇಳಿದರೆ, "ಅಳ್ತಿದ್ಲಲ್ಲ ಟಿಲೀ" ಎಂದೆ ನೀನು. ನಿನ್ನ ಆ ಮೆದು ಮನಸ್ಸಿಗಾಗಿ ನಾನು ಮೂರು ತಿಂಗಳಿಂದ ಒಬ್ಬಳೇ ಮಲಗುತ್ತಿದ್ದೇನೆ.

ಇವತ್ತು ಅವಳು ಹಾಲಿನ ಗಾಡಿಯಿಂದಿಳಿದು ಕುಂಟುತ್ತಾ ಮೆಟ್ಟಿಲು ಹತ್ತಿದಾಗ ಮತ್ತೊಂದು ನಾಟಕವೆಂದುಕೊಂಡೆ, ಪೊರಕೆ ಕೈಯಲ್ಲೇ ಇತ್ತು. ಒಂದೇ ಪ್ರಶ್ನೆ ಕೇಳಿದೆ, ಯಾವಾಗ ನೋವು ಹೆಚ್ಚು ಎಂದು. "ಹಾಸಿಗೆಯಿಂದ ಕಾಲಿಳಿಸಿದ್ರೆ ಸಾಕು, ಮೊಳೆ ಹೊಡೆದ ಹಾಗಾಗುತ್ತಮ್ಮಾ. ಗೋಡೆ ಹಿಡ್ಕೊಂಡು ನಾಲ್ಕು ಸಲ ಓಡಾಡಿದ್ರೆ ಸ್ವಲ್ಪ ವಾಸಿ. ಕೂತು ಎದ್ರೆ ಮತ್ತೆ ಅದೇ ಕಥೆ" ಎಂದಳು. ಈ ಸಲ ಯಾರೂ ಹೇಳಿಕೊಟ್ಟ ಮಾತಲ್ಲ. ಹೋಟೆಲಿನ ಕಲ್ಲುನೆಲದ ಮೇಲೆ ದಿನಕ್ಕೆ ಹದಿನಾಲ್ಕು ಗಂಟೆ ನಿಲ್ಲುತ್ತಾಳಂತೆ. ಹ್ಯಾಸ್ಕೆಲ್ ಏನೋ ಪುಡಿ ಕೊಟ್ಟು, "ನಿಲ್ಲೋಕಾಗದಿದ್ರೆ ಕೆಲಸ ಬಿಡು" ಎಂದನಂತೆ. ರೈನಿ, ನನ್ನ ಹೊಟ್ಟೆ ತಣ್ಣಗಾಯಿತು. ಮಾಡಿದ್ದುಣ್ಣೋ ಮಹಾರಾಯ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಹಾಗೆ ಅಂದುಕೊಂಡಿದ್ದಕ್ಕೆ ನಾಚಿಕೆಯೂ ಆಗಲಿಲ್ಲ.

ನಿನ್ನ ಮೇಜಿನ ಮೇಲೇ ಮಲಗಿಸಿದೆ. ಎಡಗಾಲು ಅರ್ಧ ಬೆರಳು ಗಿಡ್ಡ ಕಂಡಿತು, ಸೊಂಟ ಒಂದು ಕಡೆಗೆ ವಾಲಿತ್ತು, ಮೀನಖಂಡ ಕಲ್ಲಾಗಿತ್ತು. ಸೊಂಟ ಸರಿಮಾಡಿದೆ, ಕಣಕಾಲಿನ ಗಂಟನ್ನು ಟಕ್ಕೆಂದು ಬಿಡಿಸಿದೆ, ಅಂಗಾಲಿನ ಪಟ್ಟಿಯನ್ನು ಹೆಬ್ಬೆರಳಿನಿಂದ ಉದ್ದಕ್ಕೂ ಒತ್ತಿದೆ. ಬೇಕಾದದ್ದಕ್ಕಿಂತ ಜೋರಾಗಿಯೇ ಒತ್ತಿದೆ, ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ. ಎದ್ದು ನಿಂತವಳು ಕಾಲೂರಿ, "ಅಯ್ಯೋ, ನೋವೇ ಇಲ್ವಲ್ಲ!" ಎಂದು ಅಳತೊಡಗಿದಳು. ಇದು ಇವತ್ತಿನ ಮಟ್ಟಿಗೆ ಮಾತ್ರ ಎಂದೆ. ನಾಳೆ ಬೆಳಿಗ್ಗೆ ಮೊಳೆ ಮತ್ತೆ ಇರುತ್ತದೆ, ಆರು ವಾರ ಹೀಗೆ ಕೈ ಹಾಕಬೇಕು, ಹಾಸಿಗೆ ಬಿಡುವ ಮೊದಲು ಟವೆಲ್ಲು ಹಾಕಿ ಪಾದ ಎಳೆದುಕೊಳ್ಳುವ ರೀತಿ ಕಲಿಯಬೇಕು. "ಎಲ್ಲಾ ಕಲಿಸ್ತೀನಿ. ಮೊದಲು ನಮ್ಮ ವಕೀಲರ ಮುಂದೆ ನಿಜ ಹೇಳಿ ಸಹಿ ಹಾಕಿ ಬಾ" ಎಂದೆ. ಅವಳ ಮುಖ ಬಿಳಿಚಿತು. "ನನ್ನನ್ನೇ ಜೈಲಿಗೆ ಹಾಕ್ತಾರಮ್ಮಾ!" ಎಂದಳು. "ಹಾಕಲಿ ಬಿಡು. ಅಲ್ಲಿ ನನ್ನ ಗಂಡ ಇದಾನೆ, ನಿನ್ನ ಕಾಲು ಅವನೇ ನೋಡ್ಕೋತಾನೆ" ಎಂದೆ.

ವಕೀಲರ ಮನೆ ಗುಡ್ಡದ ಮೇಲಿದೆ. ಗಾಡಿ ಹೂಡಲಿಲ್ಲ. ನಡುಮಧ್ಯಾಹ್ನ, ಮುಖ್ಯ ಬೀದಿಯಲ್ಲಿ, ಹ್ಯಾಸ್ಕೆಲ್‌ನ ಕಿಟಕಿಯ ಮುಂದೆಯೇ ಅವಳನ್ನು ನಡೆಸಿಕೊಂಡು ಹೋದೆ. ಅರ್ಧ ದಾರಿಯಲ್ಲೇ ಮತ್ತೆ ಕುಂಟತೊಡಗಿದಳು. ನಾನು ಆಸರೆಗೆ ಕೈ ಕೊಡಲಿಲ್ಲ. ವಕೀಲರು ಅವಳನ್ನು ಒಳಗೆ ಕೂರಿಸಿಕೊಂಡು ನನ್ನನ್ನು ಮನೆಗೆ ಕಳಿಸಿದರು. ಕಾಯುತ್ತಾ ಇದನ್ನು ಬರೆದೆ. ಷೆರಿಫ್ ಓದಿದರೂ ಓದಿಕೊಳ್ಳಲಿ, ಒಂದಕ್ಷರವೂ ಸುಳ್ಳಿಲ್ಲ.

ಮಕ್ಕಳು ಮುತ್ತು ಕಳಿಸಿದ್ದಾರೆ. ನಿನ್ನ ಪಕ್ಕದ ಕೋಣೆಯವನಿಗೂ ನನ್ನ ನಮಸ್ಕಾರ ಹೇಳು, ಅಂಗಿ ಬೆಚ್ಚಗಿದೆಯೇ ಕೇಳು. ದೇವರು ನಿನ್ನನ್ನು ಕಾಪಾಡಲಿ.

ನಿನ್ನವಳೇ,
ಟಿಲಿ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ಅಂಚೆಯವನು ಬಾಗಿಲಲ್ಲಿದ್ದಾನೆ. ಸೆಲ್ಮಾ ಎಲ್ಲ ಒಪ್ಪಿ ಸಹಿ ಹಾಕಿದಳು, ಕೋಲು ಕೊಟ್ಟವನೂ ಹ್ಯಾಸ್ಕೆಲ್ ಎಂದು ಬರೆದುಕೊಟ್ಟಳು. ವಕೀಲರು ನ್ಯಾಯಾಧೀಶರಿಗೆ ಫೋನು ಮಾಡಿದರು, ಸೋಮವಾರ ನಿನ್ನನ್ನು ಬಿಡುತ್ತಾರೆ! ಅವಳನ್ನು ಜೈಲಿಗೆ ಹಾಕುವುದಿಲ್ಲವಂತೆ, ಆದರೆ ಹೋಟೆಲಿನವರು ಆಗಲೇ ಹೊರಗೆ ಹಾಕಿದ್ದಾರೆ. ಈಗ ತಾನೇ ಬಂದಿದ್ದಳು. ಮೆಟ್ಟಿಲು ಹತ್ತಲಾಗದೆ ಕೆಳಗೇ ನಿಂತು, "ಕಲಿಸ್ತೀನಿ ಅಂದಿದ್ರಲ್ಲಮ್ಮಾ" ಎಂದಳು. "ನಾನೂ ಸುಳ್ಳು ಹೇಳಿದೆ" ಎಂದು ಬಾಗಿಲು ಹಾಕಿಕೊಂಡೆ. ಬೈಯುವುದಿದ್ದರೆ ಮನೆಗೆ ಬಂದು ಬೈ.