ಬಚ್ಚಲ ಬಾಗಿಲು

ಅಮ್ಮಾ,

ನೀನು ಮಲಗಿದ್ದೆ, ಎಬ್ಬಿಸಲಿಲ್ಲ. ಆಸ್ಪತ್ರೆಗೆ ಹೊರಟೆ.

ನಿನ್ನ ಎಕ್ಸ್‌ರೇ ನಾನೇ ನೋಡಿದೆ. ಮೂಗಿನ ಮೂಳೆ ಮುರಿದು ಬಲಕ್ಕೆ ಸರಿದಿದೆ. ಕೆನ್ನೆ ಮೂಳೆ, ಕಣ್ಣಿನ ಸುತ್ತಿನ ಮೂಳೆ ಸದ್ಯ ಗಟ್ಟಿಯಾಗಿವೆ. ನೀನು ಹೇಳಿದ ಹಾಗೆ ಎದುರಿಂದ ಬಚ್ಚಲ ಬಾಗಿಲು ಬಡಿದಿದ್ರೆ ಮೂಗು ಚಪ್ಪಟೆ ಆಗ್ತಿತ್ತಮ್ಮ, ಹೀಗೆ ವಾಲ್ತಿರಲಿಲ್ಲ. ಇದು ಪಕ್ಕದಿಂದ ಬೀಸಿದ ಕೈ. ದಿನಾ ಮುರಿದ ಮುಖ ನೋಡೋ ಮಗಳ ಕಿವಿಗೇ ಹೂ ಇಡ್ತೀಯಲ್ಲ!

ಐಸನ್ನ ಬಟ್ಟೇಲಿ ಸುತ್ತಿ ಇಟ್ಕೋ, ಒತ್ತಬೇಡ. ಮೂಗಿಂದ ತಿಳಿನೀರು ಸುರಿದ್ರೆ ನೆಗಡಿ ಅಂತ ಸುಮ್ಮನೆ ಕೂರಬೇಡ, ತಕ್ಷಣ ಫೋನ್ ಮಾಡು. ಊತ ಇಳಿದ ಮೇಲೆ ಮೂಳೆ ಕೂರಿಸ್ತೀವಿ.

ಅಪ್ಪನಿಗೆ ಒಬ್ಬಳೇ ಸ್ನಾನ ಮಾಡಿಸಬೇಡ, ನಾನು ಬರ್ತೀನಿ. ಮರೆವಿನ ಕಾಯಿಲೇಲಿ ನಿನ್ನ ಗುರುತೇ ಸಿಗದೆ, ಹೆದರಿ ಕೈ ಬೀಸಿದವರ ಮೇಲೆ ಹೇಗೆ ಸಿಟ್ಟಾಗಲಿ? ನುಂಗೋಕೂ ಆಗ್ತಿಲ್ಲ, ಉಗುಳೋಕೂ ಆಗ್ತಿಲ್ಲ. ಎಲ್ಲಿ ಮುರಿದಿದೆ ಅಂತ ಹೇಳಬಲ್ಲೆ, ಅಷ್ಟೇ.

ಬೆಳಿಗ್ಗೆ ಅಪ್ಪ, "ನಿಮ್ಮಮ್ಮನ ಮುಖಕ್ಕೆ ಏನಾಯ್ತು?" ಅಂತ ಕೇಳಿದ್ರು. ಬಚ್ಚಲ ಬಾಗಿಲು ಬಡೀತು ಅಂದುಬಿಟ್ಟೆ.

ಆ ಬಾಗಿಲ ಅಂಚಿಗೆ ಅಪ್ಪ ತಮ್ಮದೇ ಟವೆಲ್ ಸುತ್ತಿ ಕಟ್ಟಿದ್ದಾರೆ, ನಿನಗೆ ಮತ್ತೆ ತಾಗದಿರಲಿ ಅಂತ.

ಬಿಚ್ಚಬೇಡ.