ಎಷ್ಟು ಎತ್ತರದಿಂದ

ನೊನೌಟಿ ದ್ವೀಪ
ಮಾರ್ಚ್ 9, 1994, ಬುಧವಾರ

ನಮ್ಮ ರೊಟಿಯಾಳ ಅಪ್ಪನಿಗೆ,

ಮೌರಿ ಎಂದು ಇಲ್ಲಿಂದಲೇ ವಂದಿಸುತ್ತೇನೆ. ನೀವು ಕ್ಷೇಮವೆಂದು ನಂಬಿದ್ದೇನೆ. ನಿಮ್ಮ ಎರಡು ಕಾಗದಗಳೂ ಬಂದವು. ಹಡಗಿನ ಅಡುಗೆಯವನು ಮೀನನ್ನು ಹಸುವಿನ ಹಾಲಿನಲ್ಲಿ ಬೇಯಿಸುತ್ತಾನೆ ಎಂದು ಓದಿ ಅತ್ತೆ ಒಂದು ವಾರ ನಕ್ಕರು. ಉತ್ತರ ತಡವಾಯಿತು, ಸಿಟ್ಟಾಗಬೇಡಿ. ಪುಟ್ಟನಿಗೆ ಹಲ್ಲು ಬರುತ್ತಿದೆ. ಕೆಳಗಿಟ್ಟರೆ ಅಳುತ್ತಾನೆ, ಎತ್ತಿಕೊಂಡರೆ ಕಚ್ಚುತ್ತಾನೆ.

ತೆಂಗಿನ ನೀರಾ ಸರಿಯಾಗಿ ಇಳಿಯುತ್ತಿದೆಯೇ ಎಂದು ಕೇಳಿದ್ದಿರಿ. ನಿಮ್ಮ ತಮ್ಮ ಟೆಬಾವು ಬೆಳಿಗ್ಗೆ ತಪ್ಪದೆ ಮರ ಹತ್ತಿ, ನಿಮ್ಮ ಹಾಗೆಯೇ ಮೇಲಿಂದ ಹಾಡುತ್ತ ಇಳಿಸುತ್ತಾನೆ. ಸಂಜೆ ಮಾತ್ರ ಅವನ ಕಾಲು ಊರ ಚಾವಡಿ ಮನೇಬಾ ಕಡೆಗೇ. ಅಲ್ಲಿ ಊರೆಲ್ಲ ಸೇರಿ ಈಸ್ಟರ್ ಹಾಡಿನ ಪಂದ್ಯಕ್ಕೆ ಅಭ್ಯಾಸ ನಡೆಸಿದ್ದಾರೆ. ಕೇಳಿದರೆ, "ಅತ್ತಿಗೆ, ಮರ ಎಲ್ಲೂ ಓಡಿಹೋಗಲ್ಲ, ಪಕ್ಕದ ಊರೋರು ಗೆದ್ದುಬಿಡ್ತಾರೆ" ಎನ್ನುತ್ತಾನೆ. ಸಂಜೆ ಇಳಿಸದಿದ್ದರೆ ಪುಟ್ಟನ ಬಟ್ಟಲು ಖಾಲಿ ಎಂಬುದು ಅವನಿಗೆ ಹೊಳೆಯುವುದಿಲ್ಲ.

ಈಗ ಒಂದು ಸುದ್ದಿ. ಓದಿ ಗಾಬರಿಯಾಗಬೇಡಿ. ಸೋಮವಾರ ಸಂಜೆ ರೊಟಿಯಾ ಬಿದ್ದಳು. ಮಲಗುವ ಅಟ್ಟಣೆಯಿಂದ. ಅದು ನನ್ನ ಸೊಂಟದೆತ್ತರ, ನಿಮಗೆ ಗೊತ್ತೇ ಇದೆ. ಕೈಕಾಲು ಮುರಿದಿಲ್ಲ, ಎಡಪಕ್ಕೆ ತರಚಿದೆ, ಅಷ್ಟೆ. ಆದರೆ ಅಂದಿನಿಂದ ಊಟ ಸೇರುತ್ತಿಲ್ಲ. ಎರಡು ಸಲ ವಾಂತಿಯಾಯಿತು. ಎಡಭುಜ ನೋಯುತ್ತದೆ ಎನ್ನುತ್ತಾಳೆ, ಭುಜಕ್ಕೆ ಪೆಟ್ಟೇ ಬಿದ್ದಿಲ್ಲ. ಎಂಟು ವರ್ಷದ ಹುಡುಗಿ, ಮನೆ ತುಂಬ ಓಡಾಡುತ್ತಿದ್ದವಳು, ಗೋಡೆಯ ಕಡೆ ತಿರುಗಿ ಮಲಗಿದ್ದಾಳೆ.

ಅತ್ತೆಗೆ ಚಿಂತೆಯೇ ಇಲ್ಲ. "ಒಳಗೆ ನರ ಸರಿದಿದೆ ಕಣೆ, ಇನ್ನೇನಿಲ್ಲ. ನಿನ್ನ ಗಂಡನ್ನ ಮೂರು ಸಲ ನಾನೇ ತೀಡಿ ಎಬ್ಬಿಸಿದೀನಿ. ಈಗ ನೋಡು, ಲೋಕ ಸುತ್ತುತಾ ಇದಾನೆ" ಎಂದರು. ಅವರ ಕೈಗುಣ ಈ ದ್ವೀಪಕ್ಕೇ ಗೊತ್ತು, ನಾನು ಎದುರಾಡುವುದು ಹೇಗೆ? ಮೂರು ಬೆಳಿಗ್ಗೆ ಕೊಬ್ಬರಿ ಎಣ್ಣೆ ಹಚ್ಚಿ ಹೊಟ್ಟೆ ತೀಡಬೇಕು. ಮೂರೂ ಮುಗಿಯುವ ತನಕ ರೋಗಿ ಸಮುದ್ರ ದಾಟಬಾರದು. ನಿನ್ನೆಯದಾಯಿತು, ಇಂದಿನದಾಯಿತು, ನಾಳೆಯದು ಬಾಕಿ. ತೀಡುವಾಗ ಮಗು ಅಳಲಿಲ್ಲ, ಚಾಪೆಯ ಅಂಚನ್ನು ಕಚ್ಚಿಕೊಂಡಿತ್ತು.

ಇಂದು ನರ್ಸ್ ಮೆರೆ ತಾನಾಗಿಯೇ ಬಂದಳು. ಹೊಟ್ಟೆ ಒತ್ತಿದಳು, ಕಣ್ಣರೆಪ್ಪೆ ಎಳೆದು ನೋಡಿದಳು. ಎಷ್ಟು ಎತ್ತರದಿಂದ ಬಿದ್ದಳು ಎಂದು ಕೇಳಿದಳು. ನಾನು ಅಟ್ಟಣೆ ತೋರಿಸಿದೆ. ಪಕ್ಕೆಯ ತರಚುಗಾಯ ನೋಡಿ ಮತ್ತೆ ಕೇಳಿದಳು.

"ಸರಿಯಾಗಿ ನೆನಪು ಮಾಡ್ಕೊ ಅಕ್ಕಾ. ಮರದಿಂದ ಬಿದ್ದಿದ್ರೆ ಬೇರೆ ಮಾತು. ಒಳಗೊಳಗೇ ರಕ್ತ ಸೋರ್ತಾ ಇರುತ್ತೆ, ಹೊಟ್ಟೆ ಮೇಲೆ ಯಾರೂ ಕೈ ಇಡಬಾರದು. ನಾನು ಈಗಲೇ ರೇಡಿಯೋದಲ್ಲಿ ವಿಮಾನ ಕರೀತೀನಿ. ಅಟ್ಟಣೆಯಿಂದ ಅಂದ್ರೆ ತರಾವಾದ ದೊಡ್ಡಾಸ್ಪತ್ರೆ ಡಾಕ್ಟ್ರು ನನ್ನನ್ನೇ ನೋಡಿ ನಗ್ತಾರೆ."

ಅಟ್ಟಣೆಯೇ ಎಂದೆ. ಹಾಗಾದರೆ ಹೆದರಿಕೆಯ ವಾಂತಿ ಇರಬಹುದು, ಎರಡು ದಿನ ನೋಡೋಣ ಎಂದು ಹೊರಟಳು. ನೋಡುವುದು ನನ್ನ ಪಾಲಿಗೆ ಬಂದಿದೆ. ಆ ಕಡೆ ಕಡಲು, ಈ ಕಡೆ ಲಗೂನಿನ ಒಳನೀರು, ನಡುವೆ ಈ ಮನೆ. ಇಲ್ಲಿ ಬಿಕ್ಕಿದರೂ ನಿಮ್ಮವರ ನಾಲ್ಕು ಮನೆಗೆ ಕೇಳುತ್ತದೆ.

ಭರತಕ್ಕೆ ದೋಣಿ ಹೊರಡುತ್ತದೆ, ಕಾಗದವನ್ನು ಅದಕ್ಕೇ ಕೊಡಬೇಕು. ಆರೋಗ್ಯ, ಶಾಂತಿ, ಸಮೃದ್ಧಿ ನಿಮ್ಮ ಜೊತೆಗಿರಲಿ. ಹಡಗಿನ ಏಣಿ ಇಳಿಯುವಾಗ ಜೋಪಾನ.

ನಿಮ್ಮ
ಅಕೋಯಾ

ಮತ್ತೆ: ಅಟ್ಟಣೆಯಿಂದ ಅಲ್ಲ. ನೀವು ನೀರಾ ಇಳಿಸುತ್ತಿದ್ದ ಮರದಿಂದ. ಟೆಬಾವು ಬರಲಿಲ್ಲ, ಪುಟ್ಟ ಅತ್ತೂ ಅತ್ತೂ ಸುಸ್ತಾಗಿದ್ದ. "ನಾನು ಹತ್ತಲಾ ಅಮ್ಮ? ಅಪ್ಪನ ಥರಾನೇ ಹಾಡ್ತೀನಿ" ಎಂದಳು. ಹೂಂ ಎಂದೆ. ಅವಳು ಗರಿಗಳ ತನಕ ಹತ್ತಿದ್ದಳು. ಹಾಡಲು ಶುರುವೂ ಮಾಡಿದ್ದಳು.

ಹೆಣ್ಣು ಹತ್ತಿದರೆ ನಿಮ್ಮ ಅಜ್ಜ ನೆಟ್ಟ ಆ ಮರ ಬತ್ತುತ್ತದೆ ಎಂದು ಅತ್ತೆ ನಂಬಿದ್ದಾರೆ. ಅದಕ್ಕೇ ಅವರೆದುರು ಅಟ್ಟಣೆ ಎಂದುಬಿಟ್ಟೆ. ಒಮ್ಮೆ ಅಂದಮೇಲೆ ಅದರಿಂದ ಹೊರಗೆ ಬರುವ ದಾರಿ ಸಿಗಲಿಲ್ಲ.

ಇಂದು ಮೆರೆ ಮಗುವನ್ನೂ ಕೇಳಿದಳು. ರೊಟಿಯಾ ನನ್ನ ಮುಖ ನೋಡಿ, "ಅಟ್ಟಣೆಯಿಂದ" ಎಂದಳು. ಹಾಗೆ ಹೇಳು ಎಂದು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಈ ಕಾಗದ ನಿಮ್ಮ ಕೈಸೇರಲು ತಿಂಗಳು ಬೇಕು. ಅತ್ತೆ ನಾಳೆಯ ಎಣ್ಣೆಯನ್ನು ಆಗಲೇ ಬಿಸಿಲಿಗಿಟ್ಟಿದ್ದಾರೆ. ಬಾಯಿಬಿಟ್ಟು ಹೇಳಲು ನನ್ನಿಂದಾಗದು. ಈ ಕೊನೆಯ ಸಾಲುಗಳನ್ನು ಮೊದಲು ಮೆರೆಯ ಕೈಗೆ ಕೊಟ್ಟು ಓದಿಸುತ್ತೇನೆ. ಅತ್ತೆ ದಾರಿಯ ಬದಿಯಲ್ಲೇ ಚಾಪೆ ಹೆಣೆಯುತ್ತ ಕೂತಿದ್ದಾರೆ, ಎಲ್ಲಿಗೆ ಎಂದು ಕೇಳಿಯೇ ಕೇಳುತ್ತಾರೆ. ಕಾಗದ ಕೊಟ್ಟು ಬರಲು ಎನ್ನುತ್ತೇನೆ. ಅದಂತೂ ನಿಜ.